ಹಳೇ ಗಾಡಿ ಮೂಕಿಯಿಂದ ಆರಡಿ ಬಿಲ್ಲು: ಡಯಾಲಿಸಿಸ್ ಓಡಾಟದ ಖರ್ಚಿಗಾಗಿ ಎಲ್ಲರೂ ಸೇರಿ ಮಾಡೋಣ, ಬನ್ನಿ

ಹಾಸನ ಮರಗೆಲಸ:

ಎಲ್ಲರಿಗೂ ನಮಸ್ಕಾರ. ನಾವೆಲ್ಲ ಸೇರಿ ಕೈಯಾರೆ ಒಂದು ಉದ್ದ ಬಿಲ್ಲು ಮಾಡಿ, ಹರಾಜು ಹಾಕಿ, ಬಂದ ದುಡ್ಡನ್ನು ಡಯಾಲಿಸಿಸ್‌ಗೆ ಹೋಗಿ ಬರುವವರ ದಾರಿ ಖರ್ಚಿಗೆ ಕೊಡಬೇಕು ಅಂತ ನನ್ನ ಆಸೆ. ಹಳ್ಳಿ ಕಡೆಯಿಂದ ಬರುವವರನ್ನು ನೀವೂ ನೋಡಿರುತ್ತೀರಿ. ವಾರಕ್ಕೆ ಎರಡು ಸಲ, ಕೆಲವರಿಗೆ ಮೂರು ಸಲ. ಸರ್ಕಾರಿ ಆಸ್ಪತ್ರೆಯಲ್ಲಿ ಡಯಾಲಿಸಿಸ್‌ಗೆ ದುಡ್ಡು ಕೊಡಬೇಕಿಲ್ಲ, ಸರಿ. ಆದರೆ ನಾಲ್ಕು ಗಂಟೆ ಮಷಿನ್ ಪಕ್ಕ ಮಲಗಿ ಎದ್ದವರು ಎರಡು ಬಸ್ ಬದಲಾಯಿಸಿ ಊರು ಸೇರಬೇಕು, ಜೊತೆಗೆ ಬಂದವರು ಆ ದಿನದ ಕೂಲಿ ಬಿಡಬೇಕು. ಹೆಂಗಸರಿಗೆ ಶಕ್ತಿ ಯೋಜನೆಯಲ್ಲಿ ಬಸ್ ಚಾರ್ಜ್ ಇಲ್ಲ ನಿಜ, ಬಸ್ ಇಳಿದ ಮೇಲೆ ತೋಟದ ಲೈನ್ ಮನೆಯವರೆಗೆ ಆಟೋ ಯಾರು ಕೊಡುತ್ತಾರೆ?

ಬಿಲ್ಲೇ ಯಾಕೆ ಅಂದರೆ, ಕುರ್ಚಿ ಮಾಡಲು ಒಬ್ಬ ಬಡಗಿ ಸಾಕು. ಬಿಲ್ಲಿಗೆ ಬಿದಿರು ಸೀಳುವವರು ಬೇಕು, ಮರ ಕೀಸುವವರು ಬೇಕು, ಹೆದೆ ಹೊಸೆಯುವವರು ಬೇಕು, ದೂರ ನಿಂತು ಎಲ್ಲಿ ಬಾಗುತ್ತಿಲ್ಲ ಅಂತ ಹೇಳುವ ಕಣ್ಣೂ ಬೇಕು. ಮತ್ತೆ ಒಂದು ವಿಷಯದಲ್ಲಿ ನಾನು ಹಟ ಹಿಡಿಯುತ್ತೇನೆ: ಗೋಡೆಗೆ ನೇತು ಹಾಕುವ ಶೋ ಪೀಸ್ ಬೇಡ. ಬಾಣ ಬಿಟ್ಟರೆ ಹೋಗಬೇಕು.

ಮಾದರಿ ಇಂಗ್ಲೆಂಡಿನ ಉದ್ದ ಬಿಲ್ಲಿನದು. ಉದ್ದ 72 ಇಂಚು. 28 ಇಂಚು ಎಳೆಯಲು ಬೇಕಾಗುವ ಬಲ 35 ಪೌಂಡ್, ಅಂದರೆ ಹತ್ತಿರ ಹತ್ತಿರ 16 ಕೆಜಿ. ಹಿಡಿಯ ಹತ್ತಿರ ಒಂದೂಕಾಲು ಇಂಚು ಅಗಲ, ತುದಿಗೆ ಹೋಗುತ್ತಾ ಅರ್ಧ ಇಂಚು. ಬೆನ್ನು ಹೆಚ್ಚುಕಡಿಮೆ ಚಪ್ಪಟೆ, ಹೊಟ್ಟೆ ಗುಂಡಗೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಗುರಿ ಕಡೆ ಇರುವುದು ಬಿಲ್ಲಿನ ಬೆನ್ನು, ಎಳೆಯುವವರ ಕಡೆ ಇರುವುದು ಹೊಟ್ಟೆ. ಎಳೆದಾಗ ಬೆನ್ನು ಹಿಗ್ಗುತ್ತದೆ, ಹೊಟ್ಟೆ ಕುಗ್ಗುತ್ತದೆ. ಎರಡನ್ನೂ ತಡೆಯುವ ಮರ ಬೇಕು. ಇಂಗ್ಲೆಂಡಿನವರು ಯೂ ಮರದಲ್ಲಿ ಮಾಡುತ್ತಿದ್ದರು, ಅದರ ಹೊರಗಿನ ಬಿಳಿ ಮರ ಹಿಗ್ಗುತ್ತದೆ, ಒಳಗಿನ ಕೆಂಪು ಚೇಗು ಕುಗ್ಗುತ್ತದೆ, ಎರಡೂ ಒಂದೇ ತುಂಡಿನಲ್ಲಿ. ನಮ್ಮ ಕಡೆ ಅದು ಇಲ್ಲ. ನಿಮ್ಮ ಕೊಟ್ಟಿಗೆ, ತೋಟ, ಅಟ್ಟದಲ್ಲಿ ಏನಿದೆ ಹೇಳಿ.

ಮೂಡಿಗೆರೆ ತೋಟ:

ಒಳ್ಳೆ ಕೆಲಸ ಅಣ್ಣ, ನಾನಿದ್ದೇನೆ. ಸಿಲ್ವರ್ ಓಕ್ ಬೇಕಾದಷ್ಟಿದೆ, ಕಡಿಯಲು ಪರ್ಮಿಷನ್ನೂ ಬೇಡ. ಕಿತ್ತು ಹಾಕಿದ ಹಳೇ ರೊಬಸ್ಟಾ ಗಿಡಗಳೂ ಇವೆ. ಆಗುತ್ತಾ?

ಹಾಸನ ಮರಗೆಲಸ:

ಸಿಲ್ವರ್ ಓಕ್ ಪೆಟ್ಟಿಗೆಗೆ, ಪ್ಲೈವುಡ್‌ಗೆ ಸರಿ. ಇಷ್ಟು ಬಾಗಿಸುವ ಕೆಲಸಕ್ಕೆ ನಾನು ನಂಬುವುದಿಲ್ಲ. ಕಾಫಿ ಗಿಡ ಗಟ್ಟಿ, ಆದರೆ ಆರಡಿ ನೇರ ಎಲ್ಲಿ ಸಿಗುತ್ತದೆ, ತುಂಬಾ ಗಂಟು. ಎರಡು ಚೆನ್ನಾಗಿರೋ ತುಂಡು ಎತ್ತಿಡಿ, ಬಿಲ್ಲಿನ ತುದಿಗೆ ಹೆದೆ ಕೂರುವ ಕಚ್ಚು ಮಾಡಲು ಬೇಕಾಗುತ್ತದೆ. ಹಿಂದೆ ಅದಕ್ಕೆ ಕೊಂಬು ಹಾಕುತ್ತಿದ್ದರು. ಜಿಂಕೆ ಕೊಂಬು ಇದೆ ಅಂತ ದಯವಿಟ್ಟು ಯಾರೂ ತರಬೇಡಿ, 1972ರ ವನ್ಯಜೀವಿ ಕಾಯ್ದೆ ಇದೆ. ಕಾಫಿ ಮರವೇ ಇರಲಿ, ನಮ್ಮ ಜಿಲ್ಲೆಗಳ ಬಿಲ್ಲಿಗೆ ಅದೇ ಚೆಂದ.

ಬೇಲೂರು ಮೇಷ್ಟ್ರು:

ನನ್ನದೊಂದು ಪ್ರಶ್ನೆ. ನಮ್ಮ ಬೇಲೂರಿನಲ್ಲಿ ಬಿಲ್ಲು ಹಿಡಿದ ಮದನಿಕೆ ಇದ್ದಾಳೆ, ಹಳೇಬೀಡಿನ ಗೋಡೆ ತುಂಬಾ ಕುರುಕ್ಷೇತ್ರದ ಬಿಲ್ಲುಗಾರರು. ಇಷ್ಟೆಲ್ಲಾ ಇಟ್ಟುಕೊಂಡು ಇಂಗ್ಲೆಂಡಿನ ಬಿಲ್ಲು ಯಾಕೆ ಮಾಡಬೇಕು? ನಮ್ಮದನ್ನೇ ಮಾಡೋಣ ಅಲ್ವಾ?

ಸಕಲೇಶಪುರ ಬಿಲ್ಲುಗಾರ:

ಮೇಷ್ಟ್ರೇ, ಪ್ರಶ್ನೆ ಚೆನ್ನಾಗಿದೆ, ನನಗೂ ಅದೇ ಆಸೆ ಇತ್ತು. ಆದರೆ ಎರಡು ಕಡೆ ಬಳುಕಿದ ಆ ಥರದ ಬಿಲ್ಲನ್ನು ನಿಜವಾಗಿ ಮಾಡಲು ಹೊಟ್ಟೆಗೆ ಕೊಂಬು, ಬೆನ್ನಿಗೆ ಪ್ರಾಣಿಗಳ ನರ, ನಡುವೆ ಮರ, ಎಲ್ಲವನ್ನೂ ಚರ್ಮದ ಅಂಟಿನಲ್ಲಿ ಕೂಡಿಸಿ ತಿಂಗಳುಗಟ್ಟಲೆ ಒಣಗಿಸಬೇಕು. ಆ ಅಂಟಿಗೆ ತೇವ ಆಗುವುದಿಲ್ಲ. ನಮ್ಮ ಆಷಾಢದ ಮಳೆಯಲ್ಲಿ ಅದರ ಗತಿ ಯೋಚಿಸಿ.

ಉದ್ದ ಬಿಲ್ಲು ಇಂಗ್ಲೆಂಡಿನವರ ಸ್ವತ್ತು ಅಂತಲೂ ಅಲ್ಲ. ಅಲೆಕ್ಸಾಂಡರನ ಜೊತೆ ಬಂದಿದ್ದ ನೌಕಾಪಡೆ ಮುಖ್ಯಸ್ಥ ನಿಯಾರ್ಕಸ್ ಹೇಳಿದ್ದನ್ನು ಗ್ರೀಕ್ ಇತಿಹಾಸಕಾರ ಏರಿಯನ್ ಬರೆದಿಟ್ಟಿದ್ದಾನೆ: ಭಾರತದ ಕಾಲಾಳುಗಳ ಬಿಲ್ಲು ಆಳೆತ್ತರ ಇತ್ತು, ಒಂದು ತುದಿ ನೆಲಕ್ಕೆ ಊರಿ ಎಡಗಾಲಲ್ಲಿ ಒತ್ತಿ ಎಳೆಯುತ್ತಿದ್ದರು ಅಂತ. ಇಂಗ್ಲೆಂಡಿನದು ಇಷ್ಟು ಹೆಸರಾಗಲು ಒಂದು ಕಾರಣ ಸಾಕ್ಷಿ ಸಿಕ್ಕಿದ್ದು. 1545ರಲ್ಲಿ ಮುಳುಗಿದ ಮೇರಿ ರೋಸ್ ಹಡಗನ್ನು 1982ರಲ್ಲಿ ಮೇಲೆತ್ತಿದರು, ಅದರಲ್ಲಿದ್ದ ನೂರಕ್ಕೂ ಜಾಸ್ತಿ ಬಿಲ್ಲುಗಳು ಕೆಸರಿನಲ್ಲಿ ಹಾಗೇ ಉಳಿದಿದ್ದವು. ಅಳತೆಗಳು ಗೊತ್ತಾಗಿದ್ದು ಹಾಗೆ. ನಮ್ಮ ಮರದ ಬಿಲ್ಲುಗಳು ಗೆದ್ದಲಿಗೆ ಹೋದವು.

ಬೇಲೂರು ಮೇಷ್ಟ್ರು:

ಸರಿ, ಒಪ್ಪಿದೆ. ಹಾಗಾದರೆ ಮರವಾದರೂ ನಮ್ಮದೇ ಇರಲಿ.

ಆಲೂರು ಗೌಡ್ರು:

ಮರದ ವಿಚಾರ ಬಂತಲ್ಲ ಅದಕ್ಕೆ ಬರೆಯುತ್ತಿದ್ದೇನೆ. ನಮ್ಮ ಕೊಟ್ಟಿಗೆಯಲ್ಲಿ ಅಪ್ಪನ ಕಾಲದ ಎತ್ತಿನ ಗಾಡಿಯ ಮೂಕಿ, ಅಂದರೆ ನೊಗ ಕಟ್ಟುವ ಉದ್ದ ಮರ, ಬಿದ್ದಿದೆ. ತಡಸಲು ಮರ. ಗಾಡಿ ಬಿಚ್ಚಿ ಎಷ್ಟೋ ವರ್ಷ ಆಯಿತು, ಚಕ್ರ ಎಲ್ಲಾ ಯಾರೋ ಹೋಟೆಲ್‌ನವರು ಅಂದಕ್ಕೆ ತಗೊಂಡು ಹೋದರು, ಮೂಕಿ ಮಾತ್ರ ಹೆಂಚಿನ ಕೆಳಗೆ ಒಣಗಿಕೊಂಡು ಮಲಗಿದೆ. ಒಂದು ಕಡೆ ಎರಡು ಬೋಲ್ಟ್ ತೂತು ಇದೆ. ಅದು ಬಿಟ್ಟರೆ ಏಳಡಿ ಚೊಕ್ಕವಾಗಿ ಸಿಗಬಹುದು. ಬೇಕಾದರೆ ಒಯ್ಯಿರಿ, ದುಡ್ಡು ಬೇಡ.

ಹಾಸನ ಮರಗೆಲಸ:

ಗೌಡ್ರೇ, ಇದಕ್ಕಿಂತ ಒಳ್ಳೆ ಸುದ್ದಿ ಇಲ್ಲ! ತಡಸಲು ಅಂದರೆ ಕೊಡಲಿ ಕಾವು, ಗಾಡಿ ಮೂಕಿ, ದೋಣಿ ಹುಟ್ಟು, ಬಿಲ್ಲು, ಇದಕ್ಕೇ ಹುಟ್ಟಿದ ಮರ. ಏಟು ತಡೆಯುತ್ತದೆ, ಬಳುಕುತ್ತದೆ, ಬೇಗ ಸಿಗಿಯುವುದಿಲ್ಲ. ಅದೂ ಇಷ್ಟು ವರ್ಷ ಒಣಗಿದ್ದು. ಹಸಿ ಮರ ಆಗಿದ್ದರೆ ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಅಂತ ಕಾಯಬೇಕಿತ್ತು, ಕಡಿಯಲು ಅರಣ್ಯ ಇಲಾಖೆಗೆ ಅರ್ಜಿ ಹಾಕಬೇಕಿತ್ತು. ಅದೆಲ್ಲಾ ತಪ್ಪಿತು.

ಎರಡು ವಿಷಯ ನೋಡಬೇಕು. ಮೊದಲು ಒಳಗೆ ಮುರಿದ ಮೊಳೆ ಇದೆಯಾ ಅಂತ. ಹಳೇ ಸ್ಪೀಕರ್‌ನ ಆಯಸ್ಕಾಂತ ದಾರಕ್ಕೆ ಕಟ್ಟಿ ಮೂಕಿಯ ಉದ್ದಕ್ಕೂ ಆಡಿಸಿ, ಮೊಳೆ ಇದ್ದ ಕಡೆ ಎಳೆಯುತ್ತದೆ. ಎರಡನೇದು ನಾರು ನೇರವಾಗಿ ಓಡಿದೆಯಾ ಅಂತ. ಒಂದು ಮೈ ಕೀಸಿ ನುಣುಪು ಮಾಡಿ, ಅಲ್ಲಲ್ಲಿ ಮಸಿ ಪೆನ್ನಿನಿಂದ ಒಂದೊಂದು ಹನಿ ಬಿಡಿ. ಮಸಿ ನಾರು ಹಿಡಿದು ಹರಿಯುತ್ತದೆ. ತುಂಡಿನ ಉದ್ದಕ್ಕೆ ನೆಟ್ಟಗೆ ಹೋದರೆ ಸರಿ. ಓರೆಯಾಗಿ ಪಕ್ಕಕ್ಕೆ ಜಾರಿದರೆ ಅಲ್ಲಿ ನಾರು ತುಂಡಾಗುತ್ತದೆ, ಬಿಲ್ಲು ಸಿಗಿಯುವುದೂ ಅಲ್ಲೇ. ತಿರುಳು ನಡುವೆ ಬರದ ಹಾಗೆ ಒಂದು ಪಕ್ಕದಿಂದ ಸೀಳಿಸಬೇಕು. ಸಂತೆಪೇಟೆ ಕಡೆ ಗೊತ್ತಿರುವ ಸಾಮಿಲ್ ಇದೆ, ನಾನೇ ನಿಂತು ಕೊಯ್ಯಿಸುತ್ತೇನೆ.

ಆಲೂರು ಗೌಡ್ರು:

ಮಸಿ ಬಿಟ್ಟು ನೋಡಿದೆ. ಗೆರೆ ಎಳೆದ ಹಾಗೆ ಹೋಯಿತು. ಬೋಲ್ಟ್ ತೂತಿನ ಹತ್ತಿರ ಮಾತ್ರ ಸ್ವಲ್ಪ ತಿರುಗಿದೆ, ಅದು ಹೇಗೂ ಕತ್ತರಿಸುವ ಭಾಗ.

ಸಕಲೇಶಪುರ ಬಿಲ್ಲುಗಾರ:

ಹೊಟ್ಟೆಗೆ ತಡಸಲು ಸಿಕ್ಕಿತು. ಬೆನ್ನಿಗೆ ಬಿದಿರಿನ ದಬ್ಬೆ ಅಂಟಿಸೋಣ. ಹಿಗ್ಗುವ ಕೆಲಸದಲ್ಲಿ ಬಿದಿರನ್ನು ಮೀರಿಸುವುದು ಕಡಿಮೆ. ನಮ್ಮೂರಿನಲ್ಲಿ ಬುಟ್ಟಿ ಹೆಣೆಯುವ ಅಜ್ಜ ಒಬ್ಬರಿದ್ದಾರೆ, ಬಿದಿರು ಆರಿಸಿ ಕೊಡುತ್ತೇನೆ ಅಂದಿದ್ದಾರೆ. ಅವರು ಹೇಳಿದ್ದು: ಮೂರು ವರ್ಷ ದಾಟಿದ ಗಳ ಬೇಕು, ಎಳೆಯದು ಒಣಗಿದಾಗ ಸುಕ್ಕಾಗುತ್ತದೆ. ಕತ್ತಿ ಹಿಂಬದಿಯಿಂದ ತಟ್ಟಿದರೆ ಬಲಿತ ಗಳ ಖಣಖಣ ಅನ್ನುತ್ತದೆ. ಕಡಿದ ಮೇಲೆ ಹರಿಯುವ ಹಳ್ಳದಲ್ಲಿ ಕೆಲವು ವಾರ ಮುಳುಗಿಸಿಡಬೇಕು, ಒಳಗಿನ ಹಿಟ್ಟಿನ ಅಂಶ ತೊಳೆದು ಹೋದರೆ ಕುಟ್ಟೆ ಹುಳು ಬರುವುದಿಲ್ಲ.

ದಬ್ಬೆಯ ಹೊರ ಮೈಯನ್ನು ಯಾರೂ ಕೀಸಬಾರದು, ಇದು ಮುಖ್ಯ. ಬಿದಿರಿನ ಗಟ್ಟಿ ನಾರೆಲ್ಲಾ ಹೊರ ಸಿಪ್ಪೆಯ ಹತ್ತಿರವೇ ಒತ್ತೊತ್ತಾಗಿ ಇರುವುದು. ತೆಗೆಯುವುದೆಲ್ಲಾ ಒಳಗಿನಿಂದ. ಸುಮಾರು 3 ಮಿಲಿಮೀಟರ್ ದಪ್ಪ ಸಾಕು. ಅದಕ್ಕಿಂತ ದಪ್ಪ ಬಿಟ್ಟರೆ ಬೆನ್ನು ಜೋರಾಗಿ ಹೊಟ್ಟೆಯ ಮರವನ್ನು ಹಿಸುಕಿ ಹಾಕುತ್ತದೆ, ಅಡ್ಡಡ್ಡ ಸಣ್ಣ ಗೆರೆ ಬೀಳುತ್ತವೆ, ಆಮೇಲೆ ಆ ಬಿಲ್ಲು ಚೇತರಿಸಿಕೊಳ್ಳುವುದಿಲ್ಲ.

ಮೂಡಿಗೆರೆ ತೋಟ:

ಬಿದಿರು ನಮ್ಮ ಬೇಲಿಯಲ್ಲೇ ಇದೆ, ಅಜ್ಜನನ್ನು ಕರೆದುಕೊಂಡು ಬನ್ನಿ. 2017ರಲ್ಲಿ ಕೇಂದ್ರದ ಅರಣ್ಯ ಕಾಯ್ದೆ ತಿದ್ದಿ ಬಿದಿರನ್ನು ಮರದ ಲೆಕ್ಕದಿಂದ ತೆಗೆದಿದ್ದಾರೆ, ನಮ್ಮ ರಾಜ್ಯದ ನಿಯಮ ಏನು ಅಂತ ಕೇಳಿಕೊಂಡೇ ಕಡಿಯೋಣ. ಒಂದೇ ಕೋರಿಕೆ, ಹಣ್ಣು ಕುಯ್ಯುವ ಕಾಲದಲ್ಲಿ ಕರೆಯಬೇಡಿ, ಆಗ ನಮಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತು ಇರುವುದಿಲ್ಲ.

ಚಿಕ್ಕಮಗಳೂರು ಹುಡುಗ:

ಅಣ್ಣ ಹರಾಜು ಯಾಕೆ, ಲಕ್ಕಿ ಡಿಪ್ ಇಡೋಣ. ನೂರು ರೂಪಾಯಿ ಟಿಕೆಟ್. ಕಾಲೇಜಲ್ಲಿ ನಾನೇ ಮಾರುತ್ತೇನೆ, ಹರಾಜಿಗಿಂತ ಜಾಸ್ತಿ ಬರುತ್ತೆ.

ಆಲ್ದೂರು ಅಕ್ಕ:

ತಮ್ಮಾ, ನಿನ್ನ ಉತ್ಸಾಹ ನೋಡಿ ಖುಷಿ ಆಯಿತು, ಆದರೆ ಅದು ಬೇಡ. ಟಿಕೆಟ್ ಮಾರಿ ಚೀಟಿ ಎತ್ತಿದರೆ ಅದು ಲಾಟರಿ. ಕರ್ನಾಟಕದಲ್ಲಿ ಲಾಟರಿ 2007ರಿಂದ ಇಲ್ಲ. ಒಳ್ಳೆ ಕೆಲಸಕ್ಕೆ ಅಂತ ಹೇಳಿದರೆ ಕಾನೂನು ಬದಲಾಗುವುದಿಲ್ಲ. ಹರಾಜು ನಮ್ಮ ಜನಕ್ಕೆ ಹೊಸದೂ ಅಲ್ಲ, ಗಣಪತಿ ಪೆಂಡಾಲಿನಲ್ಲಿ ಲಡ್ಡು ಹರಾಜು ಹಾಕುವುದಿಲ್ವಾ, ಹಾಗೇ ಕೂಗಿಸೋಣ.

ದುಡ್ಡಿನ ಲೆಕ್ಕ ನಾನು ನೋಡಿಕೊಳ್ಳುತ್ತೇನೆ, ಬ್ಯಾಂಕಿನಲ್ಲಿ ಇದ್ದವಳು. ನನ್ನ ಷರತ್ತು ಇಷ್ಟೇ. ಯಾರ ಸ್ವಂತ ಖಾತೆಗೂ ಒಂದು ರೂಪಾಯಿ ಬರಬಾರದು, ನನ್ನದಕ್ಕೂ. ಗೆದ್ದವರು ನೇರ ನೋಂದಣಿ ಆದ ಟ್ರಸ್ಟಿನ ಖಾತೆಗೆ ಹಾಕಿ ರಸೀದಿ ತರಬೇಕು, ಆಮೇಲೆ ಬಿಲ್ಲು ಕೈಗೆ. ದಾನಕ್ಕೆ ಆದಾಯ ತೆರಿಗೆ ರಿಯಾಯಿತಿ ಬೇಕು ಅನ್ನುವವರು 2000 ರೂಪಾಯಿ ಮೇಲೆ ನಗದು ಕೊಟ್ಟರೆ ಅದು ಸಿಗುವುದಿಲ್ಲ, ಮೊದಲೇ ಹೇಳಿಬಿಡೋಣ. ಮತ್ತೆ ರೋಗಿಗಳ ಹೆಸರು, ಫೋಟೋ ಎಲ್ಲೂ ಬರಬಾರದು. ಬಿಲ್ಲಿನ ಪಕ್ಕ ನಿಲ್ಲಿಸಿ ಫೋಟೋ ಹೊಡೆಯುವುದಂತೂ ಬೇಡವೇ ಬೇಡ. ಕಾಯಿಲೆ ಬಿದ್ದವರಿಗೆ ಆಟೋ ಚಾರ್ಜ್ ಕೊಟ್ಟು ಅವರ ಮುಖ ತೋರಿಸುವುದು ನನಗೆ ಸರಿ ಕಾಣುವುದಿಲ್ಲ.

ಹಾಸನ ಮರಗೆಲಸ:

ಅಕ್ಕ, ನೀವು ಹೇಳಿದ್ದು ಒಂದಕ್ಷರ ಬದಲಿಲ್ಲದೆ ಒಪ್ಪಿಗೆ. ಲಕ್ಕಿ ಡಿಪ್ ಇಲ್ಲ.

ಅಂಟಿಸುವ ಕೆಲಸದ ಬಗ್ಗೆ. ಮಳೆಗಾಲದಲ್ಲಿ ಬೇಡ. ಹವೆಯಲ್ಲಿ ತೇವ ಜಾಸ್ತಿ ಇದ್ದರೆ ಒಣಗಿದ ಮರವೂ ನೀರು ಹೀರಿಕೊಳ್ಳುತ್ತದೆ. ಬಿಲ್ಲಿಗೆ ಮರದ ತೇವ 10 ಪರ್ಸೆಂಟ್ ಆಸುಪಾಸು ಇದ್ದರೆ ಒಳ್ಳೇದು. ಮಲೆನಾಡಿನ ಮಳೆಯಲ್ಲಿ ಹೊರಗಿಟ್ಟರೆ ಅದು 18ರ ಹತ್ತಿರ ಹೋಗುತ್ತದೆ, ಅಂಥ ಮರ ಬಾಗಿಸಿದರೆ ಬಾಗಿದ ಹಾಗೇ ಉಳಿದುಬಿಡುತ್ತದೆ. ಕೊಯ್ದ ಹಲಗೆಯನ್ನೂ ದಬ್ಬೆಯನ್ನೂ ಯಾರ ಮನೆಯಲ್ಲಾದರೂ ಒಲೆ ಮೇಲಿನ ಅಟ್ಟದಲ್ಲಿ ಇಡಬೇಕು. ವಾರಕ್ಕೊಮ್ಮೆ ತೂಕ ಹಾಕಿ ಬರೆದಿಡಿ. ತೂಕ ಇಳಿಯುವುದು ನಿಂತರೆ ಒಣಗಿದೆ ಅಂತ ಅರ್ಥ. ಮೀಟರ್ ಎಲ್ಲಾ ಬೇಕಾಗಿಲ್ಲ.

ಅಂಟು ಫೆವಿಕಾಲ್ ಬೇಡ. ಬಾಗಿಸಿ ಬಿಟ್ಟು ಮಾಡುವ ಕಡೆ ಅದು ನಿಧಾನಕ್ಕೆ ಜಾರುತ್ತದೆ. ಎರಡು ಭಾಗ ಬೆರೆಸಿ ಹಚ್ಚುವ ಎಪಾಕ್ಸಿ ಅಂಟು, ನಿಧಾನಕ್ಕೆ ಸೆಟ್ ಆಗುವಂಥದ್ದು ತರೋಣ, ಐದು ನಿಮಿಷದ್ದಲ್ಲ. ಎರಡೂ ಮೈ ಉಜ್ಜಿ ಒರಟು ಮಾಡಿ, ಅಂಟು ಹಚ್ಚಿ, ಸೈಕಲ್ ಟ್ಯೂಬಿನ ಪಟ್ಟಿಯನ್ನು ಎಳೆದೆಳೆದು ಒಂದು ತುದಿಯಿಂದ ಇನ್ನೊಂದು ತುದಿವರೆಗೆ ಸುತ್ತಬೇಕು. ನೂರು ಕ್ಲಾಂಪ್ ಹಾಕಿದರೂ ಅಷ್ಟು ಸಮ ಒತ್ತಡ ಬರುವುದಿಲ್ಲ. ಸುತ್ತಿದ ಮೇಲೆ ಎರಡು ತುದಿಗೂ ಕಟ್ಟೆ ಕೊಟ್ಟು ಬೆನ್ನಿನ ಕಡೆಗೆ ಒಂದು ಇಂಚಿನಷ್ಟು ಹಿಂದಕ್ಕೆ ಬಾಗಿಸಿಯೇ ಒಣಗಲು ಬಿಡಬೇಕು. ಮುಂದೆ ಎಳೆದೆಳೆದು ಬಿಲ್ಲು ಸ್ವಲ್ಪ ಸೋತರೂ ನೆಟ್ಟಗೆ ನಿಲ್ಲುತ್ತದೆ.

ಬೇಲೂರು ಮೇಷ್ಟ್ರು:

ಪಂಚರ್ ಅಂಗಡಿಯಿಂದ ಟ್ಯೂಬ್ ನಾನು ತರುತ್ತೇನೆ. ಆದರೆ ಒಂದು ಮಾತು ಇತ್ಯರ್ಥ ಆಗಬೇಕು. ಇದು ಎಲ್ಲರ ಬಿಲ್ಲು ಅಂದಿರಿ. ಹಾಗಾದರೆ ಕೀಸುವ ಕೆಲಸದಲ್ಲೂ ಎಲ್ಲರ ಕೈ ಬೀಳಬೇಕು. ಕೊನೆಗೆ ನೀವಿಬ್ಬರು ಬಡಗಿಗಳೇ ಎಲ್ಲಾ ಮಾಡಿ ನಾವು ಟೀ ತರುವವರಾದರೆ ಬೇಜಾರಾಗುತ್ತದೆ.

ಸಕಲೇಶಪುರ ಬಿಲ್ಲುಗಾರ:

ಮೇಷ್ಟ್ರೇ ಬೇಜಾರು ಮಾಡಿಕೊಳ್ಳಬೇಡಿ, ಆದರೆ ಎರಡು ಕಡೆಯೂ ಸಮ ಬಾಗುವ ಹಾಗೆ ಕೆರೆದು ಹದ ಮಾಡುವ ಹಂತದಲ್ಲಿ ಹತ್ತು ಕೈ ಬಿದ್ದರೆ ಬಿಲ್ಲು ಉಳಿಯುವುದಿಲ್ಲ. ಯಾಕೆ ಅಂದರೆ, ಮರದ ಬಿಗಿ ಅಗಲಕ್ಕೆ ಸಮನಾಗಿ ಏರುತ್ತದೆ, ದಪ್ಪಕ್ಕೆ ಮಾತ್ರ ಘನದ ಲೆಕ್ಕದಲ್ಲಿ. ದಪ್ಪ ಎರಡರಷ್ಟಾದರೆ ಬಿಗಿ ಎಂಟರಷ್ಟು. ದಪ್ಪದಲ್ಲಿ ಹತ್ತರಲ್ಲಿ ಒಂದು ಪಾಲು ತೆಗೆದರೆ ಬಿಗಿ ನಾಲ್ಕರಲ್ಲಿ ಒಂದು ಪಾಲಿಗಿಂತ ಜಾಸ್ತಿ ಹೋಗಿಬಿಡುತ್ತದೆ. ಒಬ್ಬರು ಒಂದು ಜಾಗದಲ್ಲಿ ಖುಷಿಗೆ ನಾಲ್ಕು ಸಲ ಜಾಸ್ತಿ ಎಳೆದರೂ ಬಿಲ್ಲೆಲ್ಲಾ ಅಲ್ಲೇ ಬಾಗುತ್ತದೆ, ತೆಗೆದ ಮರವನ್ನು ಮತ್ತೆ ಅಂಟಿಸಲು ಆಗುವುದಿಲ್ಲ.

ಹಾಸನ ಮರಗೆಲಸ:

ಇಬ್ಬರದ್ದೂ ಸರಿ. ನಾನು ಯೋಚಿಸಿದ್ದು ಹೀಗೆ. ಗೆರೆ ಹಾಕುವುದು ಒಬ್ಬರೇ, ಕೆರೆಯುವುದು ಎಲ್ಲರೂ. ಬಿಲ್ಲನ್ನು ಗೋಡೆಗೆ ಹೊಡೆದ ಗೂಟದ ಮೇಲೆ ಅಡ್ಡಡ್ಡ ಇಟ್ಟು, ಹೆದೆಗೆ ಹಗ್ಗ ಕಟ್ಟಿ ಕೆಳಗಿನ ರಾಟೆಯಿಂದ ದೂರ ನಿಂತು ಎಳೆಯುತ್ತೇವೆ. ನೇರ ಕೆಳಗೆ, ಎದುರಿಗೆ ಯಾರೂ ನಿಲ್ಲಬಾರದು, ಮುರಿದರೆ ಚೂರು ಹಾರುತ್ತದೆ. ಹಿಂದೆ ಗೋಡೆ ಮೇಲೆ ಚೌಕ ಚೌಕ ಗೆರೆ ಹಾಕಿದ ಚಾರ್ಟ್ ಇದ್ದರೆ ಎಡಬಲ ಸಮ ಬಾಗುತ್ತಿದೆಯಾ ಅಂತ ಮಕ್ಕಳೂ ಹೇಳಬಹುದು.

ಗಟ್ಟಿ ಜಾಗ ಹುಡುಕಲು ಒಂದು ಉಪಾಯ ಇದೆ. ಐದಾರು ಇಂಚಿನ ನೆಟ್ಟಗಿನ ಮರದ ತುಂಡು, ನಡುವೆ ತೂತು, ಅದರಲ್ಲಿ ಪೆನ್ಸಿಲ್. ಬಿಲ್ಲು ಬಾಗಿದ್ದಾಗ ಹೊಟ್ಟೆಯ ಮೇಲೆ ಈ ತುಂಡಿಟ್ಟರೆ ಎರಡು ಕೊನೆ ತಾಗುತ್ತವೆ, ನಡುವೆ ಸಂದಿ ಇರುತ್ತದೆ. ಚೆನ್ನಾಗಿ ಬಾಗಿದ ಕಡೆ ಸಂದಿ ದೊಡ್ಡದು. ಪೆನ್ಸಿಲ್ ಮೊನೆಯನ್ನು ಆ ದೊಡ್ಡ ಸಂದಿಗೆ ಸರಿಯಾಗಿ, ತಾಗೀ ತಾಗದ ಹಾಗೆ ಇಟ್ಟು ಉದ್ದಕ್ಕೂ ಜಾರಿಸಿದರೆ, ಬಾಗದೆ ಗಟ್ಟಿಯಾಗಿರುವ ಕಡೆ ಮಾತ್ರ ಗೆರೆ ಬೀಳುತ್ತದೆ. ಆ ಗೆರೆ ಅಳಿಸಿ ಹೋಗುವಷ್ಟು ಮಾತ್ರ ಕೆರೆಯಬೇಕು. ಅರ ಬೇಡ, ಗಾಜಿನ ಚೂರು ಅಥವಾ ಸ್ಕ್ರೇಪರ್. ಗೆರೆ ಹೋಯಿತಾ, ಮುಂದಿನವರಿಗೆ ಕೊಡಿ. ಪ್ರತಿ ಸಲ ಕೆರೆದ ಮೇಲೆ ಇಪ್ಪತ್ತು ಮೂವತ್ತು ಸಲ ನಿಧಾನ ಎಳೆದು ಬಿಡಬೇಕು, ಆಗಲೇ ಮರ ಹೊಸ ಬಾಗು ತೋರಿಸುವುದು. ಹಗ್ಗದಲ್ಲಿ ಸ್ಪ್ರಿಂಗ್ ತಕ್ಕಡಿ ಇರುತ್ತದೆ, ಯಾವ ಹಂತದಲ್ಲೂ 16 ಕೆಜಿ ಮೀರಿ ಎಳೆಯಬಾರದು. ಮೊದಲು 10 ಇಂಚಿಗೇ 16 ತೋರಿಸುತ್ತದೆ, ಅಲ್ಲೇ ನಿಲ್ಲಿಸಿ ಕೆರೆಯಿರಿ. ಹೀಗೆ 28 ಇಂಚಿಗೆ 16 ಬರುವವರೆಗೆ.

ಮೇಷ್ಟ್ರೇ, ಗೆರೆ ಹಾಕುವ ತುಂಡು ನಿಮ್ಮ ಕೈಯಲ್ಲೇ ಇರಲಿ. ತಾಳ್ಮೆ ಇರುವವರಿಗೇ ಅದು ಸೇರಬೇಕು.

ಬೇಲೂರು ಮೇಷ್ಟ್ರು:

ಇದು ನನಗೆ ತುಂಬಾ ಹಿಡಿಸಿತು. ಹೈಸ್ಕೂಲ್ ಮಕ್ಕಳನ್ನು ಕರೆತರಲಾ? ಘನದ ಲೆಕ್ಕ ಬೋರ್ಡಿನ ಮೇಲೆ ಬರೆಯುವುದಕ್ಕಿಂತ ಇಲ್ಲಿ ಕಣ್ಣಾರೆ ಕಾಣುತ್ತದೆ.

ಹಾಸನ ಮರಗೆಲಸ:

ಖಂಡಿತ ಕರೆತನ್ನಿ, ಕನ್ನಡಕ ಹಾಕಿಸಿ.

ಆಲ್ದೂರು ಅಕ್ಕ:

ಹೆದೆ ನಾನು ಮಾಡುತ್ತೇನೆ. ಕತ್ತಾಳೆ ನಾರಿನಲ್ಲಿ ಹಗ್ಗ ಹೊಸೆಯುವುದು ಅಮ್ಮ ಕಲಿಸಿದ್ದರು. ಎರಡು ಎಳೆಗಳನ್ನು ಒಂದೊಂದನ್ನೂ ಬಲಕ್ಕೆ ತಿರುವಿ, ಎರಡನ್ನೂ ಸೇರಿಸಿ ಎಡಕ್ಕೆ ಸುತ್ತಿದರೆ ಒಂದನ್ನೊಂದು ಹಿಡಿದುಕೊಳ್ಳುತ್ತವೆ, ಗಂಟೇ ಬೇಡ. ಬಿಲ್ಲಿನ ಹೆದೆಯ ಕುಣಿಕೆಯೂ ಹಾಗೇ ಅಂತ ವಿಡಿಯೋದಲ್ಲಿ ನೋಡಿದೆ. ಯಾವ ದಾರ?

ಸಕಲೇಶಪುರ ಬಿಲ್ಲುಗಾರ:

ಡಾಕ್ರಾನ್ ಅಕ್ಕ, ಅಂದರೆ ಪಾಲಿಯೆಸ್ಟರ್ ದಾರ, 12 ಎಳೆ. ಹೊಸ ನಮೂನೆಯ ಸ್ವಲ್ಪವೂ ಹಿಗ್ಗದ ದಾರ ಬೇಡ, ಅದು ಬಾಣ ಬಿಟ್ಟಾಗಿನ ಜಗ್ಗನ್ನೆಲ್ಲಾ ಮರದ ತುದಿಗೆ ಹೊಡೆಯುತ್ತದೆ. ಜೇನುಮೇಣ ಚೆನ್ನಾಗಿ ತಿಕ್ಕಿ. ಹೆದೆ ಏರಿಸಿದಾಗ ಹಿಡಿಗೂ ಹೆದೆಗೂ ನಡುವೆ, ಮುಷ್ಟಿ ಕಟ್ಟಿ ಹೆಬ್ಬೆರಳು ನಿಲ್ಲಿಸಿದಷ್ಟು ಜಾಗ ಇರಬೇಕು, ಸುಮಾರು 6 ಇಂಚು.

ಮೂಡಿಗೆರೆ ತೋಟ:

ಜೇನುಮೇಣ ನಮ್ಮಲ್ಲಿದೆ. ಬಿಲ್ಲಿನ ಮೈಗೂ ಅದೇ ಹಚ್ಚಬಹುದಾ?

ಹಾಸನ ಮರಗೆಲಸ:

ಮೊದಲು ಅಗಸೆ ಎಣ್ಣೆ ತೆಳ್ಳಗೆ, ಒಣಗಿದ ಮೇಲೆ ಇನ್ನೊಂದು ಸಲ, ಹೀಗೆ ನಾಲ್ಕೈದು ಕೋಟು. ಕೊನೆಗೆ ಮೇಣ. ಎಣ್ಣೆ ಹಚ್ಚಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗೇ ಬಿಸಿಯೇರಿ ಬೆಂಕಿ ಹತ್ತುತ್ತದೆ. ಹರಡಿ ಬಿಸಿಲಿಗೆ ಹಾಕಿ.

ಚಿಕ್ಕಮಗಳೂರು ಹುಡುಗ:

ಅಕ್ಕ ಹೇಳಿದ್ದು ಅರ್ಥ ಆಯಿತು. ಟಿಕೆಟ್ ಬದಲು ಹರಾಜಿನ ಸುದ್ದಿ ಎಲ್ಲಾ ಕಡೆ ಹರಡುತ್ತೇನೆ. ಬಿಲ್ಲು ತಗೊಂಡವರು ಏನೇನು ನೋಡಿಕೊಳ್ಳಬೇಕು ಅಂತ ಒಂದು ಚೀಟಿ ಇಟ್ಟರೆ ಒಳ್ಳೇದು ಅನ್ನಿಸುತ್ತೆ. ಗೊತ್ತಿಲ್ಲದೆ ಮೊದಲ ದಿನವೇ ಮುರಿದರೆ ಎಲ್ಲರ ಕೆಲಸ ಹಾಳು.

ಹಾಸನ ಮರಗೆಲಸ:

ತುಂಬಾ ಒಳ್ಳೆ ಮಾತು. ಚೀಟಿಯಲ್ಲಿ ಇಷ್ಟು ಬರೆಯಿರಿ. ಬಾಣ ಇಲ್ಲದೆ ಹೆದೆ ಎಳೆದು ಬಿಡಬಾರದು, ಬಾಣಕ್ಕೆ ಹೋಗಬೇಕಾದ ಶಕ್ತಿಯೆಲ್ಲಾ ಬಿಲ್ಲಿಗೇ ಹೊಡೆಯುತ್ತದೆ. ಆಟ ಮುಗಿದ ಮೇಲೆ ಹೆದೆ ಇಳಿಸಿಡಬೇಕು. 28 ಇಂಚಿಗಿಂತ ಜಾಸ್ತಿ ಎಳೆಯಬಾರದು, ಎಳೆದು ಹಿಡಿದು ಫೋಟೋಗೆ ನಿಲ್ಲಬಾರದು. ಮೂಲೆಗೆ ಒರಗಿಸಿ ನಿಲ್ಲಿಸದೆ ಎರಡು ಗೂಟದ ಮೇಲೆ ಅಡ್ಡಡ್ಡ ಇಡಬೇಕು. ಪ್ರಾಣಿ, ಹಕ್ಕಿ ಮೇಲೆ ಬಿಡುವಂತಿಲ್ಲ, ಒಣಹುಲ್ಲಿನ ಗುರಿಗೆ ಮಾತ್ರ, ಗುರಿಯ ಹಿಂದೆ ಮಣ್ಣಿನ ಗುಡ್ಡೆ ಇರಲಿ.

ಆಲೂರು ಗೌಡ್ರು:

ಅದರಲ್ಲಿ ಮರದ ವಿಷಯವೂ ಒಂದು ಸಾಲು ಇರಲಿ. ಆಲೂರು ಕಡೆಯ ಎತ್ತಿನ ಗಾಡಿಯ ಮೂಕಿ, ತಡಸಲು, ಅಂತ. ಅಪ್ಪನ ಹೆಸರು ಬೇಡ. ಈ ಭಾನುವಾರ ಜೀಪಿನ ಮೇಲೆ ಕಟ್ಟಿಕೊಂಡು ಹಾಸನಕ್ಕೆ ಬರುತ್ತೇನೆ, ಸಾಮಿಲ್ ತೆಗೆದಿರುತ್ತಾ ಕೇಳಿ ಹೇಳಿ.

ಹಾಸನ ಮರಗೆಲಸ:

ಭಾನುವಾರ ರಜೆ ಗೌಡ್ರೇ. ಸೋಮವಾರ ಬೆಳಗ್ಗೆ ಬನ್ನಿ, ಮೊದಲ ಕೊಯ್ತ ನಮ್ಮದೇ ಅಂತ ಹೇಳಿಟ್ಟಿದ್ದೇನೆ. ಮೇಷ್ಟ್ರೂ ಬರುತ್ತಾರಂತೆ.